ಇಪ್ಪತ್ತು ನಿಮಿಷದ ಕಿಟಕಿ

ನಮ್ಮೂರಲ್ಲಿ ಏನು ಕೆಟ್ಟರೂ ಮೊದಲು ಬೈಸಿಕೊಳ್ಳುವುದು ಮಳೆ. ಕರೆಂಟು ಹೋದರೆ ಮಳೆ, ಬಸ್ಸು ಬರದಿದ್ದರೆ ಮಳೆ, ಡಬ್ಬಿಯಲ್ಲಿಟ್ಟ ಹಪ್ಪಳ ಮೆತ್ತಗಾದರೂ ಮಳೆ. 2020ರ ಜುಲೈನಲ್ಲಿ ನನ್ನ ಕೆಲಸಕ್ಕೇ ಕುತ್ತು ಬಂದಾಗ ನಾನೂ ಮಳೆಯನ್ನೇ ಬೈದೆ. ಮೂರು ವಾರ ಬೈದ ಮೇಲೆ ಗೊತ್ತಾಯ್ತು, ತಪ್ಪು ಮಳೆಯದ್ದಲ್ಲ ಅಂತ. ಇದು ಆ ತಪ್ಪನ್ನು ಹುಡುಕಿದ ಕಥೆ, ಜತೆಗೆ ಅದರ ಹಿಂದಿರುವ ಮೂವತ್ತಾರು ವರ್ಷದ ಚರಿತ್ರೆ. ಕಂಪ್ಯೂಟರ್ ಗೊತ್ತಿಲ್ಲದವರೂ ಓದಬಹುದು. ಟ್ರಂಕ್ ಕಾಲ್ ಅಂದರೆ ಏನು ಅಂತ ನೆನಪಿದ್ದರೆ ಸಾಕು.

ನಮ್ಮ ಮನೆ ಇರುವುದು ಕೊಪ್ಪದಿಂದ ಹರಿಹರಪುರದ ಕಡೆ ಹೋಗುವ ರಸ್ತೆಯಿಂದ ಒಳಗೆ. ಹಿಂದಿನ ವರ್ಷ ಅಮ್ಮ ಹೋಗಿದ್ದರು. ಅಪ್ಪ ಒಬ್ಬರೇ, ಎಪ್ಪತ್ತನಾಲ್ಕು ವರ್ಷ, ಎರಡೂವರೆ ಎಕರೆ ಅಡಿಕೆ ತೋಟ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ನಾನು ಊರಲ್ಲೇ ಇದ್ದೆ. ಎರಡು ದಿನಕ್ಕೆಂದು ಬಂದವನು ಅಲ್ಲೇ ಉಳಿದೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಕ್ಷೆ ಮಾಡುವ ಕೆಲಸ ನನ್ನದು. ಹಳ್ಳ, ಕೆರೆ, ಮಳೆಯ ಲೆಕ್ಕ, ಹಳ್ಳಿಗಳ ಗಡಿ, ಎಲ್ಲ ಒಂದರ ಮೇಲೊಂದು ಪದರವಾಗಿ ಕೂರಿಸಬೇಕು. ಆ ಮಾಹಿತಿ ಸಂಸ್ಥೆಯ ಯಂತ್ರದಿಂದ ಹೊರಗೆ ಬರುವಂತಿಲ್ಲ, ಅದು ನಿಯಮ. ಹಾಗಾಗಿ ಪ್ರೋಗ್ರಾಮ್ ಓಡುವುದು ಬೆಂಗಳೂರಲ್ಲಿ, ಅದರ ಕಿಟಕಿ ತೆರೆಯುವುದು ನನ್ನ ಲ್ಯಾಪ್‌ಟಾಪ್ ಮೇಲೆ. ಮಧ್ಯೆ ಎಸ್‌ಎಸ್‌ಎಚ್ ಅನ್ನುವ ಬೀಗ ಹಾಕಿದ ಕೊಳವೆ.

ಮನೆಯೊಳಗೆ ಸಿಗ್ನಲ್ ಇಲ್ಲ. ತೋಟದಾಚೆಯ ಗುಡ್ಡದ ಮೇಲೆ ಹಳೇ ಹುಲ್ಲಿನ ಕೊಟ್ಟಿಗೆ ಇದೆ, ಅಲ್ಲಿ ಫೋನಿಗೆ ಎರಡು ಕಡ್ಡಿ ಬರುತ್ತದೆ. ಅಪ್ಪ ಒಂದು ಬೆಂಚು ಹಾಕಿಸಿ, ಮೇಲೆ ಟಾರ್ಪಾಲು ಕಟ್ಟಿಸಿಕೊಟ್ಟರು. ಅದೇ ನನ್ನ ಆಫೀಸು. ಬೆಳಿಗ್ಗೆ ಹತ್ತಿ ಹೋಗಿ ಸಂಪರ್ಕ ಕೊಟ್ಟರೆ ನಕ್ಷೆಯ ಕಿಟಕಿ ನಿಧಾನಕ್ಕೆ ತೆರೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಕೆಲಸ. ಆಮೇಲೆ ಗ್ರಾಫ್ ನೋಡುವ ಇನ್ನೊಂದು ಪ್ರೋಗ್ರಾಮ್ ತೆರೆಯಲು ಹೋದರೆ ‘ಡಿಸ್‌ಪ್ಲೇ ತೆರೆಯಲಾಗುತ್ತಿಲ್ಲ’ ಎಂದು ಒಂದೇ ಸಾಲು. ಸಂಪರ್ಕ ಕಡಿದು ಮತ್ತೆ ಕೊಟ್ಟರೆ ಸರಿಯಾಗುತ್ತಿತ್ತು. ಆದರೆ ಕಡಿದರೆ ತೆರೆದಿದ್ದ ನಕ್ಷೆಯೂ ಹೋಗುತ್ತಿತ್ತು, ಎಲ್ಲ ಮೊದಲಿಂದ. ಇದರ ಜತೆಗೆ ಸಿಗ್ನಲ್ ನಿಜವಾಗಿಯೂ ಹೋಗುವುದು ದಿನಕ್ಕೆ ನಾಲ್ಕೈದು ಸಲ ಇದ್ದೇ ಇತ್ತು. ಎರಡು ತೊಂದರೆ ಒಂದರೊಳಗೊಂದು ಕಲಸಿಹೋಗಿದ್ದರಿಂದ ನಾನು ಎರಡಕ್ಕೂ ಒಂದೇ ಹೆಸರಿಟ್ಟೆ: ಮಳೆ, ನೆಟ್ವರ್ಕ್.

ಮುಖ್ಯಸ್ಥರೂ ಅದನ್ನೇ ಹೇಳಿದರು. “ಉಳಿದ ನಾಲ್ಕು ಜನಕ್ಕೆ ಏನೂ ತೊಂದರೆ ಇಲ್ಲ. ನಿಮ್ಮೂರಿನ ನೆಟ್ವರ್ಕ್ ಸರಿ ಇಲ್ಲ ಅಷ್ಟೇ. ಆಗಸ್ಟ್ ಮೊದಲ ವಾರ ಬೆಂಗಳೂರಿಗೆ ಬಂದುಬಿಡಿ, ಇಲ್ಲಾಂದ್ರೆ ಈ ಪ್ರಾಜೆಕ್ಟ್ ಬೇರೆಯವರ ಕೈಗೆ ಕೊಡಬೇಕಾಗತ್ತೆ.” ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಹೆದರಿಸಿತು. ಆಗಸ್ಟ್ ಅಂದರೆ ತೋಟಕ್ಕೆ ಎರಡನೇ ಸಲ ಕೊಳೆ ಔಷಧಿ ಹೊಡೆಸುವ ಹೊತ್ತು. ಮಳೆ ಹೊಳವಾದ ದಿನವೇ ಆಳು ಹಿಡಿದು ಹೊಡೆಸಬೇಕು. ಅಪ್ಪ ಒಬ್ಬರೇ ಮಾಡುವ ಕೆಲಸವಲ್ಲ, ಮಾಡಬೇಡಿ ಅಂದರೆ ಕೇಳುವ ಮನುಷ್ಯರೂ ಅಲ್ಲ.

ಈಗ ಸ್ವಲ್ಪ ಹಿಂದೆ ಹೋಗೋಣ. ಬೆಂಗಳೂರಲ್ಲಿ ಓಡುವ ಪ್ರೋಗ್ರಾಮಿನ ಕಿಟಕಿ ಕೊಪ್ಪದ ಗುಡ್ಡದ ಮೇಲೆ ತೆರೆಯಬೇಕು ಎಂದು ಯಾರಿಗಾದರೂ ಯಾಕೆ ಹೊಳೆಯಿತು?

1983ರಲ್ಲಿ ಅಮೆರಿಕದ ಎಂಐಟಿಯಲ್ಲಿ ‘ಪ್ರಾಜೆಕ್ಟ್ ಅಥೀನಾ’ ಶುರುವಾಯಿತು. ಕ್ಯಾಂಪಸ್ಸಿನ ತುಂಬ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಒದಗಿಸುವ ಯೋಜನೆ. ಯಂತ್ರಗಳನ್ನು ಕೊಟ್ಟವರು ಡಿಇಸಿ ಮತ್ತು ಐಬಿಎಂ. ಇವರ ಯಂತ್ರಕ್ಕೂ ಅವರ ಯಂತ್ರಕ್ಕೂ ಹೊಂದಾಣಿಕೆ ಇಲ್ಲ. ಒಂದು ಕಟ್ಟಡದ ದೊಡ್ಡ ಯಂತ್ರದಲ್ಲಿ ಓಡುವ ಪ್ರೋಗ್ರಾಮನ್ನು ಇನ್ನೊಂದು ಕಟ್ಟಡದ ಯಾವುದೇ ಕಂಪನಿಯ ಪರದೆಯ ಮೇಲೆ ನೋಡುವುದು ಹೇಗೆ? ಸ್ಟ್ಯಾನ್‌ಫರ್ಡ್‌ನಲ್ಲಿ ಅದಾಗಲೇ ‘ಡಬ್ಲ್ಯೂ’ ಎಂಬ ಕಿಟಕಿ ವ್ಯವಸ್ಥೆ ಇತ್ತು. ಎಂಐಟಿಯ ಬಾಬ್ ಶೈಫ್ಲರ್ ಅದನ್ನು ತಿದ್ದಿ, ಬದಲಿಸಿ 1984ರ ಜೂನ್‌ನಲ್ಲಿ ಹೊಸದೊಂದನ್ನು ಪ್ರಕಟಿಸಿದರು. ಡಬ್ಲ್ಯೂ ಆದ ಮೇಲೆ ಬರುವ ಅಕ್ಷರ ಎಕ್ಸ್, ಹಾಗಾಗಿ ಹೆಸರೂ ಎಕ್ಸ್. ಜಿಮ್ ಗೆಟಿಸ್ ಜತೆಗೂಡಿದರು. ಒಂದರ ಮೇಲೊಂದು ಆವೃತ್ತಿ ಬಂದು, 1987ರ ಸೆಪ್ಟೆಂಬರ್ 15ರಂದು ಹನ್ನೊಂದನೆಯದು ಹೊರಬಿತ್ತು. ಅಲ್ಲಿಂದ ಇಲ್ಲಿಯವರೆಗೆ ಅದೇ ಹನ್ನೊಂದು. ಗುಡ್ಡದ ಮೇಲೆ ನಾನು ಬೈಯುತ್ತಿದ್ದದ್ದು ಅದನ್ನೇ.

ಎಕ್ಸ್‌ನಲ್ಲಿ ಎಲ್ಲರಿಗೂ ತಲೆಕೆಳಗಾಗಿ ಕಾಣುವ ಒಂದು ಸಂಗತಿ ಇದೆ. ಸರ್ವರ್ ಅಂದರೆ ದೂರದಲ್ಲೆಲ್ಲೋ ಇರುವ ದೊಡ್ಡ ಯಂತ್ರ ಅಂತ ನಾವು ತಿಳಿದಿರುತ್ತೇವೆ. ಇಲ್ಲಿ ಸರ್ವರ್ ಅಂದರೆ ನಿಮ್ಮ ಮುಂದಿರುವ ಪರದೆ. ದೂರದ ಪ್ರೋಗ್ರಾಮ್ ಬಂದು “ಸ್ವಾಮಿ, ಇಲ್ಲೊಂದು ಕಿಟಕಿ ಹಾಕಿ, ಇಲ್ಲೊಂದು ಗೆರೆ ಎಳೆಯಿರಿ” ಎಂದು ಬೇಡುತ್ತದೆ. ಪರದೆ ಅದನ್ನು ನಡೆಸಿಕೊಡುತ್ತದೆ, ಕೀಲಿಮಣೆ ಒತ್ತಿದ್ದನ್ನೂ ಮೌಸ್ ಆಡಿಸಿದ್ದನ್ನೂ ವರದಿ ಮಾಡುತ್ತದೆ. ಬೆಂಗಳೂರಿನ ಯಂತ್ರ ನಮ್ಮ ಕೊಟ್ಟಿಗೆಗೆ ಗಿರಾಕಿಯಾಗಿ ಬರುತ್ತದೆ ಎಂದು ವಿವರಿಸಿದಾಗ ಅಪ್ಪ ನಕ್ಕರು. “ಹಂಗಾದ್ರೆ ದೊಡ್ಡೋರು ನಾವೇ ಅಂದಂಗಾಯ್ತು.”

ಗಿರಾಕಿ ಯಾವ ಪರದೆಗೆ ಬರಬೇಕು ಎಂದು ತಿಳಿಸುವ ವಿಳಾಸಕ್ಕೆ ಡಿಸ್‌ಪ್ಲೇ ಎಂದು ಹೆಸರು. ಯಂತ್ರದ ಹೆಸರು, ಒಂದು ಕೋಲನ್ ಚಿಹ್ನೆ, ಒಂದು ಸಂಖ್ಯೆ. ಸೊನ್ನೆ ಎಂದರೆ 6000ನೇ ಬಾಗಿಲು, ಹತ್ತು ಎಂದರೆ 6010ನೇ ಬಾಗಿಲು. ಆ ಕಾಲದಲ್ಲಿ ಬಾಗಿಲಿಗೆ ಬೀಗ ಹಾಕುವ ಅಭ್ಯಾಸ ಕಡಿಮೆ. ಎಕ್ಸ್‌ಹೋಸ್ಟ್ ಎಂದು ಬರೆದು ಪಕ್ಕದಲ್ಲೊಂದು ಪ್ಲಸ್ ಹಾಕಿದರೆ ಯಾರು ಬೇಕಾದರೂ ನಿಮ್ಮ ಪರದೆಗೆ ನುಗ್ಗಬಹುದಿತ್ತು. ನುಗ್ಗಿದವರು ಚಿತ್ರ ಬಿಡಿಸುವುದಷ್ಟೇ ಅಲ್ಲ, ನೀವು ಒತ್ತುವ ಒಂದೊಂದು ಕೀಲಿಯನ್ನೂ ಓದಬಹುದಿತ್ತು. ಅದಕ್ಕೆ ಪರಿಹಾರವಾಗಿ ‘ಮ್ಯಾಜಿಕ್ ಕುಕೀ’ ಬಂತು. ಹೆಸರು ಕೇಳಿ ಬಿಸ್ಕತ್ತು ಅಂದುಕೊಳ್ಳಬೇಡಿ, ಅದು 128 ಬಿಟ್‌ನ ಒಂದು ಗುಟ್ಟಿನ ಸಂಖ್ಯೆ. ಮಂಡಿಗೆ ಕಳಿಸುವ ಅಡಿಕೆ ಮೂಟೆಯ ಮೇಲೆ ನಮ್ಮ ಗುರುತು ಬರೆಯುತ್ತೇವಲ್ಲ, ಹಾಗೆ. ಗುರುತು ತೋರಿಸಿದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಆದರೆ ಆ ಗುರುತೂ ತಂತಿಯ ಮೇಲೆ ಬಿಚ್ಚುಬಿಚ್ಚಾಗಿಯೇ ಹೋಗುತ್ತಿತ್ತು. ದಾರಿಯಲ್ಲಿ ನಿಂತು ಇಣುಕಿದವರು ನಕಲು ಮಾಡಿಕೊಳ್ಳಬಹುದು.

ಹಾಗೆ ಇಣುಕುವುದು ನಿಜಕ್ಕೂ ನಡೆಯಿತು. ಫಿನ್ಲೆಂಡ್‌ನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕೂತು ಪಾಸ್‌ವರ್ಡ್‌ಗಳನ್ನು ಕದ್ದರು. ಅಲ್ಲಿದ್ದ ಟಾಟು ಯೂಲೋನೆನ್ ಎಂಬ ಸಂಶೋಧಕ ಇದಕ್ಕೊಂದು ದಾರಿ ಮಾಡಬೇಕೆಂದು ಕೂತು 1995ರಲ್ಲಿ ಎಸ್‌ಎಸ್‌ಎಚ್ ಬರೆದರು. ಜುಲೈನಲ್ಲಿ ಅದನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟರು. ಎಫ್‌ಟಿಪಿಯದು 21ನೇ ಬಾಗಿಲು, ಟೆಲ್‌ನೆಟ್‌ನದು 23. ನಡುವೆ ಖಾಲಿ ಇದ್ದ 22ನ್ನು ಕೇಳಿ ಪಡೆದರು. ಅದೇ ವರ್ಷ ಆಗಸ್ಟ್ 15ಕ್ಕೆ ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರುಮಾಡಿತು. ಬೀಗವೂ ಬಾಗಿಲೂ ಒಂದೇ ಮಳೆಗಾಲದಲ್ಲಿ ಬಂದವು ಅನ್ನಿ. 1999ರಲ್ಲಿ ಓಪನ್‌ಬಿಎಸ್‌ಡಿ ತಂಡದವರು ಮುಕ್ತವಾದ ಓಪನ್‌ಎಸ್‌ಎಸ್‌ಎಚ್ ತಂದರು. ಇವತ್ತು ಹೆಚ್ಚುಕಡಿಮೆ ಎಲ್ಲರೂ ಬಳಸುವುದು ಅದನ್ನು.

ಎಸ್‌ಎಸ್‌ಎಚ್ ಎಕ್ಸ್‌ನ ಕಿಟಕಿಗಳನ್ನೂ ತನ್ನ ಕೊಳವೆಯೊಳಗೆ ತರುತ್ತದೆ. ಅದು ಮಾಡುವ ಉಪಾಯ ಚೆನ್ನಾಗಿದೆ. ಬೆಂಗಳೂರಿನ ಯಂತ್ರದಲ್ಲೇ ಒಂದು ಸುಳ್ಳು ಪರದೆ ನಿಲ್ಲಿಸುತ್ತದೆ, ಸಾಮಾನ್ಯವಾಗಿ ಹತ್ತನೇ ನಂಬರಿನದು. ಅದಕ್ಕೊಂದು ಸುಳ್ಳು ಕುಕೀಯನ್ನೂ ಕೊಡುತ್ತದೆ. ಪ್ರೋಗ್ರಾಮ್ ತನ್ನ ಪಕ್ಕದಲ್ಲೇ ಪರದೆ ಇದೆ ಎಂದು ನಂಬಿ ಸುಳ್ಳು ಗುರುತು ತೋರಿಸುತ್ತದೆ. ಅದು ಕೊಳವೆಯಲ್ಲಿ ಬಂದು ನನ್ನ ಲ್ಯಾಪ್‌ಟಾಪ್ ತಲುಪಿದಾಗ, ಇಲ್ಲಿರುವ ಎಸ್‌ಎಸ್‌ಎಚ್ ಸುಳ್ಳನ್ನು ತೆಗೆದು ನಿಜವಾದ ಗುರುತು ಹಾಕುತ್ತದೆ. ನಮ್ಮ ಮನೆ ಬೀಗದ ಕೈ ಬೆಂಗಳೂರಿಗೆ ಹೋಗುವುದೇ ಇಲ್ಲ.

ಇಷ್ಟು ತಿಳಿದರೆ ದೋಷ ಹುಡುಕುವುದಕ್ಕೆ ಒಂದು ಕ್ರಮ ಸಿಗುತ್ತದೆ. ನಾನೂ ಕ್ರಮವಾಗಿಯೇ ಹೊರಟೆ. ಮೊದಲು, ದೂರದ ಯಂತ್ರದಲ್ಲಿ ಡಿಸ್‌ಪ್ಲೇ ವಿಳಾಸ ಇದೆಯೇ? ಖಾಲಿ ಇದ್ದರೆ ಒಂದೋ ನಾವು ಎಕ್ಸ್ ಬೇಕೆಂದು ಕೇಳಿಲ್ಲ, ಅಥವಾ ಅಲ್ಲಿಯವರು ಅದಕ್ಕೆ ಅನುಮತಿ ಕೊಟ್ಟಿಲ್ಲ, ಅಥವಾ ಕುಕೀ ಬರೆಯುವ ಎಕ್ಸ್‌ಆತ್ ಎಂಬ ಪುಟ್ಟ ಪ್ರೋಗ್ರಾಮ್ ಅಲ್ಲಿಲ್ಲ. ನನ್ನದು ಖಾಲಿ ಇರಲಿಲ್ಲ. ಎರಡನೆಯದು, ಅಲ್ಲಿನ ನಮ್ಮ ಖಾತೆಯ ಜಾಗ ತುಂಬಿದೆಯೇ? ತುಂಬಿದ್ದರೆ ಕುಕೀ ಬರೆಯಲು ಜಾಗವಿಲ್ಲದೆ ಕಿಟಕಿ ತೆರೆಯುವುದಿಲ್ಲ. ಬಹಳ ಜನ ಇದನ್ನು ನೋಡುವುದೇ ಇಲ್ಲ. ನನ್ನ ಖಾತೆಯಲ್ಲಿ ಬೇಕಾದಷ್ಟು ಜಾಗ ಇತ್ತು. ಮೂರನೆಯದು, ಡಿಸ್‌ಪ್ಲೇ ವಿಳಾಸವನ್ನು ನಾವೇ ಕೈಯಾರೆ ಬದಲಿಸಿದ್ದೇವೆಯೇ? ಹಳೇ ಪುಸ್ತಕ ಓದಿ ಹಾಗೆ ಮಾಡುವವರಿದ್ದಾರೆ. ಮಾಡಿದರೆ ಕೊಳವೆ ತಪ್ಪಿ ಗಿರಾಕಿ ಬೀದಿಗೆ ಬೀಳುತ್ತದೆ. ನಾನು ಮುಟ್ಟಿರಲಿಲ್ಲ. ಮೂರೂ ಸರಿ ಇದ್ದ ಮೇಲೆ ಉಳಿದದ್ದು ನೆಟ್ವರ್ಕ್ ಎಂದು ತೀರ್ಮಾನಿಸಿದೆ. ಅಲ್ಲೇ ನಾನು ಎಡವಿದ್ದು.

ನೆಟ್ವರ್ಕೇ ಕಾರಣವಾದರೆ ನೆಟ್ವರ್ಕ್ ಬದಲಿಸಿ ನೋಡಬೇಕಲ್ಲ. ಶೃಂಗೇರಿಯಲ್ಲಿ ಮೇಷ್ಟ್ರಾಗಿರುವ ಸ್ನೇಹಿತನ ಮನೆಯಲ್ಲಿ ತಂತಿಯ ಬ್ರಾಡ್‌ಬ್ಯಾಂಡ್ ಇದೆ. ಒಂದು ಗುರುವಾರ ಹೋದೆ. ತುಂಗೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಬೀದಿಯಲ್ಲಿ ಜನರಿಲ್ಲ. ಸಂಪರ್ಕ ಕೊಟ್ಟೆ, ಕಿಟಕಿ ತೆರೆಯಿತು. ಸ್ವಲ್ಪ ಹೊತ್ತಿನ ಮೇಲೆ ಎರಡನೇ ಪ್ರೋಗ್ರಾಮ್ ತೆರೆಯಲಿಲ್ಲ. ಅದೇ ಸಾಲು. “ಈ ಮಳೆಗೆ ಇನ್ನೇನಾಗ್ತದೆ ಮಾರಾಯ, ಲೈನೆಲ್ಲ ನೆಂದು ತೊಪ್ಪೆ” ಅಂದ ಸ್ನೇಹಿತ. ನಾನೂ ಒಪ್ಪಿಕೊಂಡು ವಾಪಸ್ ಬಂದೆ. ನೋಡಿ, ಇಬ್ಬರು ಓದಿದವರು ಸೇರಿ ಮಳೆಯ ಮೇಲೆ ಗೂಬೆ ಕೂರಿಸಿದೆವು.

ಆ ವಾರಾಂತ್ಯ ಎನ್.ಆರ್. ಪುರದ ಚಿಕ್ಕಪ್ಪನ ಮನೆಗೆ ಹೋದೆ. ನರಸಿಂಹರಾಜಪುರಕ್ಕೆ ಹಳೇ ಹೆಸರು ಎಡೆಹಳ್ಳಿ. ಮೈಸೂರಿನ ಯುವರಾಜರ ಹೆಸರು ಬಂದ ಮೇಲೆ ಅದು ಮರೆಯಾಯಿತು. ತರೀಕೆರೆಯಿಂದ ಅಲ್ಲಿಗೆ ಒಂದು ಕಾಲದಲ್ಲಿ ಪುಟ್ಟ ರೈಲೂ ಓಡುತ್ತಿತ್ತು, ಈಗ ಅದೂ ಇಲ್ಲ. ಆದರೆ ಚಿಕ್ಕಪ್ಪನ ಬೀದಿಗೆ ಫೈಬರ್ ಬಂದಿದೆ. ಆವತ್ತು ಮಳೆಯೂ ಹೊಳವಾಗಿತ್ತು. ಇಲ್ಲಿ ಕೆಟ್ಟರೆ ಬೈಯಲು ಯಾರೂ ಇರಲಿಲ್ಲ.

ಕೆಟ್ಟಿತು. ಮೊದಲ ಕಿಟಕಿ ಹಾಯಾಗಿತ್ತು, ಎರಡನೆಯದು ತೆರೆಯಲಿಲ್ಲ. ಕಡಿದು ಮತ್ತೆ ಕೊಟ್ಟೆ, ತೆರೆಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಇಲ್ಲ. ತಲೆ ಮೇಲೆ ಕೈ ಹೊತ್ತು ಕೂತೆ.

ಚಿಕ್ಕಪ್ಪ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಪಕ್ಕದ ಕುರ್ಚಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ನೋಡುತ್ತಿದ್ದರು.

“ತೆಗೆದಿದ್ದು ನಡೀತಾ ಇದ್ಯಲ್ಲ?” ಅಂದರು.

“ಹೌದು, ನಕ್ಷೆ ನಡೀತಿದೆ. ಹೊಸದು ಬರ್ತಿಲ್ಲ.”

“ಹಂಗಾದ್ರೆ ಲೈನ್ ಎಂತಕ್ಕೆ ಕೆಟ್ಟಿದ್ದು? ಲೈನ್ ಹೋದ್ರೆ ಎರಡೂ ಹೋಗ್ಬೇಕಲ್ದಾ?”

ನಾನು ಸುಮ್ಮನಾದೆ. ಮೂರು ವಾರದಿಂದ ಕಣ್ಣೆದುರೇ ಇದ್ದ ಮಾತು. ಅವರು ಎಲೆ ಮಡಚಿ ಬಾಯಿಗಿಟ್ಟು ಇನ್ನೊಂದು ಹೇಳಿದರು.

“ಮತ್ತೆ ನಾನು ನೋಡ್ತಾ ಇದೀನಿ, ಎರಡು ಸಲವೂ ಹೆಚ್ಚುಕಮ್ಮಿ ಅಷ್ಟೇ ಹೊತ್ತಿಗೆ ನಿಲ್ತು. ಕೆಟ್ಟ ಲೈನು ಗಡಿಯಾರ ನೋಡಿ ನಿಲ್ಲಾದಿಲ್ಲ ಮಾರಾಯ. ಟ್ರಂಕ್ ಕಾಲಲ್ಲಿ ಮೂರು ನಿಮಿಷ ಆಯ್ತು ಅಂತ ನಾವು ಮಧ್ಯ ಬಾಯಿ ಹಾಕ್ತಿದ್ವಲ್ಲ, ಹಂಗೆ ಯಾರೋ ಟೈಮ್ ಹಾಕಿ ಕೂತಿದಾರೆ ನೋಡು.”

ಈಗಿನವರಿಗೆ ಟ್ರಂಕ್ ಕಾಲ್ ಗೊತ್ತಿಲ್ಲ. ಕೊಪ್ಪದಿಂದ ಬೆಂಗಳೂರಿಗೆ ಮಾತಾಡಬೇಕಾದರೆ ಎಕ್ಸ್‌ಚೇಂಜಿಗೆ ಹೇಳಿ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳಿದ್ದವು. ಅವಸರ ಹೆಚ್ಚಾದಂತೆ ದುಡ್ಡೂ ಹೆಚ್ಚು. ಲೆಕ್ಕ ಮೂರು ಮೂರು ನಿಮಿಷದ್ದು. ಮೂರು ನಿಮಿಷವಾದ ಕೂಡಲೇ ಆಪರೇಟರ್ ನಡುವೆ ಬಂದು ಮುಂದುವರಿಸಬೇಕೋ ಎಂದು ಕೇಳುತ್ತಿದ್ದರು. 1984ರಲ್ಲಿ, ಅಂದರೆ ಎಕ್ಸ್ ಹುಟ್ಟಿದ ವರ್ಷವೇ, ದೆಹಲಿಯಲ್ಲಿ ಸಿ-ಡಾಟ್ ಸ್ಥಾಪನೆಯಾಯಿತು. ಅವರು ಹಳ್ಳಿಗಾಗಿ ಮಾಡಿದ 128 ಲೈನಿನ ಎಕ್ಸ್‌ಚೇಂಜ್ ಏರ್ ಕಂಡೀಷನ್ ಇಲ್ಲದೆಯೂ ನಡೆಯುವಂಥದ್ದು. ಅದರಲ್ಲಿ ಮೊದಲನೆಯದು 1986ರಲ್ಲಿ ಕೂತದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಆಮೇಲೆ ಎಸ್‌ಟಿಡಿ ಬೂತುಗಳು ಬಂದವು, ಆಪರೇಟರ್‌ಗಳ ಕೆಲಸ ಕಡಿಮೆಯಾಗುತ್ತ ಹೋಯಿತು. ಆದರೆ ಲೈನ್ ಕೆಟ್ಟದ್ದು ಯಾವುದು, ಹೊತ್ತು ಮುಗಿದದ್ದು ಯಾವುದು ಎಂಬ ಭೇದ ಚಿಕ್ಕಪ್ಪನ ಕಿವಿಯಲ್ಲಿ ಉಳಿದಿತ್ತು.

ಗಡಿಯಾರ ಇಟ್ಟುಕೊಂಡು ಮತ್ತೆ ಸಂಪರ್ಕ ಕೊಟ್ಟೆ. ಪ್ರತಿ ನಿಮಿಷಕ್ಕೊಮ್ಮೆ ಒಂದು ಸಣ್ಣ ಗಡಿಯಾರದ ಪ್ರೋಗ್ರಾಮ್ ತೆರೆದು ಮುಚ್ಚಿದೆ. ಹದಿನೆಂಟು, ತೆರೆಯಿತು. ಹತ್ತೊಂಬತ್ತು, ತೆರೆಯಿತು. ಇಪ್ಪತ್ತು ದಾಟಿತು, ತೆರೆಯಲಿಲ್ಲ. ಇನ್ನೊಮ್ಮೆ ಮೊದಲಿಂದ ಮಾಡಿದೆ. ಮತ್ತೆ ಇಪ್ಪತ್ತು.

ಆಮೇಲೆ ಎಸ್‌ಎಸ್‌ಎಚ್‌ನ ಕೈಪಿಡಿ ತೆರೆದು ‘ಇಪ್ಪತ್ತು’ ಎಂದು ಹುಡುಕಿದರೆ ಸಾಕಾಯಿತು. ಎಸ್‌ಎಸ್‌ಎಚ್‌ನಲ್ಲಿ ಕಿಟಕಿ ತರುವುದಕ್ಕೆ ಎರಡು ಬಗೆ. ದೊಡ್ಡಕ್ಷರದ ಎಕ್ಸ್ ಹಾಕಿದರೆ ದೂರದ ಪ್ರೋಗ್ರಾಮನ್ನು ಅದು ಪೂರ್ತಿ ನಂಬುವುದಿಲ್ಲ. ನಿಮ್ಮ ಕೀಲಿಮಣೆಯ ಮೇಲೆ ಕದ್ದು ಕಣ್ಣಿಡಲು ಬಿಡುವುದಿಲ್ಲ, ಇಪ್ಪತ್ತು ನಿಮಿಷವಾದ ಮೇಲೆ ಹೊಸಬರನ್ನು ಒಳಗೆ ಬಿಡುವುದೂ ಇಲ್ಲ. ಆಗಲೇ ಒಳಗಿರುವವರು ಇರಬಹುದು. ದೊಡ್ಡಕ್ಷರದ ವೈ ಹಾಕಿದರೆ ಪೂರ್ತಿ ನಂಬಿಕೆ, ಗಡುವೂ ಇಲ್ಲ. ಈ ಎರಡು ಬಗೆ ಬಂದದ್ದು 2004ರ ಆವೃತ್ತಿಯಲ್ಲಿ. ಹಾಗಾದರೆ ಸಹೋದ್ಯೋಗಿಗಳಿಗೆ ಯಾಕೆ ತೊಂದರೆ ಇರಲಿಲ್ಲ? ಅವರದೆಲ್ಲ ಉಬುಂಟು ಲ್ಯಾಪ್‌ಟಾಪ್. ಉಬುಂಟು ಮಾಡುವವರು ಮೊದಲೇ ಒಂದು ಸಾಲು ಸೇರಿಸಿ, ಎಕ್ಸ್ ಹಾಕಿದರೂ ವೈ ಎಂದೇ ತಿಳಿಯುವಂತೆ ಮಾಡಿರುತ್ತಾರೆ. ನನ್ನದು ಮ್ಯಾಕ್, ಅದರಲ್ಲಿ ಆ ಸಾಲಿಲ್ಲ. ನೆಟ್ವರ್ಕ್, ಊರು, ಮಳೆ ಯಾವುದಕ್ಕೂ ಇದರಲ್ಲಿ ಪಾಲಿರಲಿಲ್ಲ.

ಮನೆಗೆ ಬಂದು ಗಡುವನ್ನು ಇಪ್ಪತ್ತು ನಿಮಿಷದಿಂದ ಹತ್ತು ಗಂಟೆಗೆ ಏರಿಸಿದೆ. ಫಾರ್ವರ್ಡ್‌ಎಕ್ಸ್11ಟೈಮ್‌ಔಟ್ ಎಂಬ ಒಂದೇ ಸಾಲು. ಸುಮ್ಮನೆ ವೈ ಹಾಕಿದರೆ ಆಗುತ್ತಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಆಗುತ್ತಿತ್ತು. ಕೆಲವು ಪ್ರೋಗ್ರಾಮ್‌ಗಳು ಅದಿಲ್ಲದೆ ಸರಿಯಾಗಿ ನಡೆಯುವುದೂ ಇಲ್ಲ. ಆದರೆ ಹತ್ತಾರು ಜನ ಹಂಚಿಕೊಂಡ ಯಂತ್ರಕ್ಕೆ ನನ್ನ ಕೀಲಿಮಣೆ ಒಪ್ಪಿಸುವ ಮೊದಲು ಎರಡು ಸಲ ಯೋಚಿಸಬೇಕು. ಅಪ್ಪನ ಬ್ಯಾಂಕಿನ ವ್ಯವಹಾರ ಮಾಡುವುದೂ ಅದೇ ಲ್ಯಾಪ್‌ಟಾಪಿನಲ್ಲಿ.

ಇಲ್ಲಿಗೆ ಕಥೆ ಮುಗಿಯಲಿಲ್ಲ. ಕಿಟಕಿ ತೆರೆದದ್ದೇನೋ ನಿಜ, ಆದರೆ ಬಹಳ ನಿಧಾನ. ಇದರಲ್ಲಿ ಗುಡ್ಡದ ಸಿಗ್ನಲ್ಲಿನ ಪಾಲು ಇತ್ತು, ಎಕ್ಸ್‌ನ ಸ್ವಭಾವದ ಪಾಲೂ ಇತ್ತು. ಎಕ್ಸ್ ಮಾತುಗಾರ. ಒಂದು ಮೆನು ತೆರೆಯಲು ನೂರು ಸಲ ಕೇಳಿ ಉತ್ತರಕ್ಕೆ ಕಾಯಿತು ಎಂದುಕೊಳ್ಳಿ. ನಮ್ಮ ಗುಡ್ಡದಿಂದ ಒಂದು ಪ್ರಶ್ನೆ ಹೋಗಿ ಉತ್ತರ ಬರಲು 150 ಮಿಲಿಸೆಕೆಂಡ್ ಆದರೆ, ಒಂದು ಮೆನುವಿಗೆ ಹದಿನೈದು ಸೆಕೆಂಡ್. ಎಂಐಟಿಯ ಒಂದೇ ಕ್ಯಾಂಪಸ್ಸಿನೊಳಗೆ ಇದು ಯಾರಿಗೂ ಕಾಣುತ್ತಿರಲಿಲ್ಲ. ಇನ್ನೊಂದು ತೊಡಕು ನಂತರ ಸೇರಿದ್ದು. ಮೊದಲು ಪ್ರೋಗ್ರಾಮ್‌ಗಳು ‘ಗೆರೆ ಎಳೆ’ ಎಂದು ಹೇಳಿ ಸುಮ್ಮನಾಗುತ್ತಿದ್ದವು. ಈಗಿನವು ಪೂರ್ತಿ ಚಿತ್ರವನ್ನು ತಾವೇ ಬಿಡಿಸಿ ಇಡಿಯಾಗಿ ಕಳಿಸುತ್ತವೆ. ಸಾವಿರಕ್ಕೆ ಎಂಟುನೂರು ಚುಕ್ಕಿಯ ಒಂದು ನಕ್ಷೆ, ಚುಕ್ಕಿಗೆ ನಾಲ್ಕು ಬೈಟ್, ಒಟ್ಟು 32 ಲಕ್ಷ ಬೈಟ್. 2 ಎಂಬಿಪಿಎಸ್ ಸಂಪರ್ಕದಲ್ಲಿ ಅದಕ್ಕೆ ಹದಿಮೂರು ಸೆಕೆಂಡ್ ಬೇಕು. ನಕ್ಷೆಯನ್ನು ಸ್ವಲ್ಪ ಸರಿಸಿದರೆ ಮತ್ತೆ ಹದಿಮೂರು.

ಕಾಫಿ ಸೀಮೆಯವರಿಗೆ ಇದನ್ನು ಹೀಗೆ ಹೇಳಬಹುದು. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಒಂದೇ ಕಾಫಿ ಯಂತ್ರ ಇತ್ತು, ಟ್ರೋಜನ್ ರೂಮ್ ಎಂಬ ಕೋಣೆಯ ಹತ್ತಿರ. ಮಹಡಿ ಇಳಿದು ಬಂದರೆ ಪಾತ್ರೆ ಖಾಲಿ. ಬೇಸತ್ತವರು ಪಾತ್ರೆಯ ಎದುರು ಕ್ಯಾಮೆರಾ ಇಟ್ಟರು. ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಜರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ‘ಎಕ್ಸ್‌ಕಾಫಿ’ ಎಂಬ ಪ್ರೋಗ್ರಾಮ್ ಬರೆದು ಆ ಚಿತ್ರ ಎಲ್ಲರ ಎಕ್ಸ್ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿದರು. 128ಕ್ಕೆ 128 ಚುಕ್ಕಿಯ ಕಪ್ಪುಬಿಳುಪು ಚಿತ್ರ, ನಿಮಿಷಕ್ಕೆ ಮೂರು ಸಲ ಬದಲಾದರೆ ಸಾಕು. 1993ರಲ್ಲಿ ಅದು ವೆಬ್‌ಗೆ ಬಂದು ಜಗತ್ಪ್ರಸಿದ್ಧವಾಯಿತು, 2001ರವರೆಗೆ ನಡೆಯಿತು. ಬೇಕಾದಷ್ಟು ಮಾತ್ರ ಕಳಿಸಿದರೆ ದೂರದ ಕಿಟಕಿ ಎಷ್ಟು ಹಗುರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದೇ ಕೇಂಬ್ರಿಜ್‌ನ ಆಲಿವೆಟ್ಟಿ ಪ್ರಯೋಗಾಲಯದಲ್ಲಿ ಮಾಡಿದ ವಿಎನ್‌ಸಿ 1998ರಲ್ಲಿ ಹೊರಬಂತು. ಅದರಲ್ಲಿ ಪರದೆ ದೂರದ ಯಂತ್ರದಲ್ಲೇ ಜೀವಂತ ಇರುತ್ತದೆ. ನಮಗೆ ಬರುವುದು ಅದರ ಚಿತ್ರ, ಅದರಲ್ಲೂ ಬದಲಾದ ಭಾಗ ಮಾತ್ರ. ಸಿಗ್ನಲ್ ಹೋದರೂ ಅಲ್ಲಿನ ಕೆಲಸ ಸಾಯುವುದಿಲ್ಲ, ಮತ್ತೆ ಬಂದಾಗ ಬಿಟ್ಟಲ್ಲಿಂದ ಹಿಡಿಯಬಹುದು. ನಾನು ಕೊನೆಗೆ ನಕ್ಷೆಯ ಕೆಲಸವನ್ನು ಎಸ್‌ಎಸ್‌ಎಚ್ ಕೊಳವೆಯೊಳಗಿನ ವಿಎನ್‌ಸಿಗೆ ಸಾಗಿಸಿದೆ. ಮಳೆಗಾಲಕ್ಕೆ ಹೊಂದುವುದು ಅದೇ.

ಇನ್ನೊಂದು ಸಣ್ಣ ಪೀಕಲಾಟ ಹೇಳಿಬಿಡುತ್ತೇನೆ, ಕನ್ನಡದವರಿಗೆ ಉಪಯೋಗವಾದೀತು. ನಕ್ಷೆಯಲ್ಲಿ ಊರುಗಳ ಹೆಸರಿನ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಕೊಪ್ಪವೂ ಚೌಕ, ಶೃಂಗೇರಿಯೂ ಚೌಕ. ನನ್ನ ಲ್ಯಾಪ್‌ಟಾಪಿಗೆ ಕನ್ನಡ ಫಾಂಟ್ ಮೇಲೆ ಫಾಂಟ್ ಹಾಕಿದೆ, ಚೌಕ ಹೋಗಲಿಲ್ಲ. ಎಕ್ಸ್‌ನ ಹಳೇ ಪದ್ಧತಿಯಲ್ಲಿ ಅಕ್ಷರ ಬಿಡಿಸುತ್ತಿದ್ದುದು ಪರದೆಯ ಕಡೆಯ ಯಂತ್ರ, ಹಾಗಾಗಿ ಫಾಂಟ್ ನಮ್ಮಲ್ಲಿ ಬೇಕಿತ್ತು. ಈಗ ಅಕ್ಷರವನ್ನೂ ಪ್ರೋಗ್ರಾಮೇ ಬಿಡಿಸುತ್ತದೆ. ಒತ್ತಕ್ಷರ ಜೋಡಿಸುವ ಕೆಲಸವೆಲ್ಲ ದೂರದಲ್ಲೇ ಆಗುತ್ತದೆ, ಹಾಗಾಗಿ ಫಾಂಟ್ ಇರಬೇಕಾದದ್ದು ಬೆಂಗಳೂರಿನ ಯಂತ್ರದಲ್ಲಿ. ಅಲ್ಲಿ ಹಾಕಿಸಿದ ಮೇಲೆ ಊರುಗಳು ಹೆಸರು ಸಮೇತ ಬಂದವು. ನಮ್ಮ ಹಳ್ಳಿಯೂ ಬಂತು. ಅಪ್ಪ ಕನ್ನಡಕ ಏರಿಸಿ ನೋಡಿ, “ಹಳ್ಳ ತಪ್ಪು ಕಡೆ ಹಾಕಿದೀರಲ್ಲೋ” ಅಂದರು. ಸರಿ ಇತ್ತು ಅವರು ಹೇಳಿದ್ದು. ತಿದ್ದಿಸಿದೆವು.

ಹುಡುಕಿದ್ದನ್ನೆಲ್ಲ ಎರಡು ಪುಟ ಬರೆದು ಮುಖ್ಯಸ್ಥರಿಗೆ ಕಳಿಸಿದ್ದೆ. ಮೂರು ಊರು, ಮೂರು ಬಗೆಯ ಸಂಪರ್ಕ, ಮೂರರಲ್ಲೂ ಒಂದೇ ದೋಷ, ಗಡಿಯಾರದ ಲೆಕ್ಕ. ಅವರು ಫೋನ್ ಮಾಡಿ, “ದೀಪಾವಳಿವರೆಗೆ ಅಲ್ಲೇ ಇರಿ. ಆಮೇಲೆ ನೋಡೋಣ” ಅಂದರು. ಅವರಿಗೂ ಒಳಗೊಳಗೆ ಮುಜುಗರವಾಗಿತ್ತು ಅನ್ನಿಸುತ್ತೆ.

ಆಗಸ್ಟ್‌ನಲ್ಲಿ ಒಂದು ದಿನ ಹೊಳವಾಯಿತು. ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೆಸಿದೆವು. ಡ್ರಮ್ಮಿನ ಹತ್ತಿರ ನಿಂತಾಗ ಅಪ್ಪ ಹಳೇ ಕಥೆ ತೆಗೆದರು. ಅವರ ಅಜ್ಜನ ಕಾಲದಲ್ಲಿ ಕೊಳೆ ಬಂದರೆ ಮಳೆಯಿಂದ ಬಂತು, ದೇವರ ಸಿಟ್ಟಿನಿಂದ ಬಂತು ಅನ್ನುತ್ತಿದ್ದರಂತೆ. ಕೊನೆಗಳಿಗೆ ಕೊಟ್ಟೆ ಕಟ್ಟಿ ಕೈಮುಗಿಯುತ್ತಿದ್ದರಂತೆ. ಮೈಸೂರು ಸರ್ಕಾರದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗ ತರುವುದು ಬರಿಗಣ್ಣಿಗೆ ಕಾಣದ ಒಂದು ಶಿಲೀಂಧ್ರ, ಮಳೆ ಅದಕ್ಕೆ ಅನುಕೂಲ ಮಾಡಿಕೊಡುತ್ತದೆ ಅಷ್ಟೇ. ಮಳೆ ನಿಲ್ಲಿಸಲಾಗದಿದ್ದರೂ ಶಿಲೀಂಧ್ರವನ್ನು ಬೋರ್ಡೋ ದ್ರಾವಣದಿಂದ ತಡೆಯಬಹುದು. ಕಾಫಿಯ ಎಲೆರೋಗಕ್ಕೂ ಹೀಗೇ ಕಾರಣ ಹುಡುಕುವ ಕೆಲಸ 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಕೇಂದ್ರವಾಗಿ ಶುರುವಾಗಿ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಯಂ ಸಂಶೋಧನಾ ಕೇಂದ್ರವಾಯಿತು. ಮಳೆಯನ್ನು ಬೈದು ಸುಮ್ಮನಾಗದೆ ಕಾರಣ ಹುಡುಕಿದವರು ನಮ್ಮ ಸೀಮೆಯಲ್ಲಿ ನೂರು ವರ್ಷದ ಹಿಂದೆಯೇ ಓಡಾಡಿದ್ದರು. ನಾನು ಅದೇ ತೋಟದಲ್ಲಿ ಕೂತು ಮೂರು ವಾರ ಕಳೆದೆ.

ಎಕ್ಸ್‌ನ ಕಾಲವೂ ಈಗ ಇಳಿಹೊತ್ತಿಗೆ ಬಂದಿದೆ. 2008ರಲ್ಲಿ ಕ್ರಿಸ್ಟಿಯನ್ ಹೊಗ್ಸ್‌ಬರ್ಗ್ ಶುರುಮಾಡಿದ ವೇಲ್ಯಾಂಡ್ ಒಂದೊಂದೇ ಕಡೆ ಅದರ ಜಾಗ ಹಿಡಿಯುತ್ತಿದೆ. ಅದರಲ್ಲಿ ದೂರದ ಕಿಟಕಿ ಹುಟ್ಟಿನಿಂದ ಬಂದ ಗುಣವಲ್ಲ, ಬೇಕಾದವರು ಬೇರೆ ಸಲಕರಣೆ ಜೋಡಿಸಿಕೊಳ್ಳಬೇಕು. ಟ್ರಂಕ್ ಕಾಲಿನ ಹಾಗೆ ಡಿಸ್‌ಪ್ಲೇ ವಿಳಾಸವನ್ನೂ ಮುಂದೆ ಯಾರಿಗಾದರೂ ಕೂರಿಸಿಕೊಂಡು ವಿವರಿಸಬೇಕಾಗಬಹುದು.

ನಿಮಗೂ ಇಂಥದ್ದೇನಾದರೂ ಎದುರಾದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಆಗಲೇ ತೆರೆದದ್ದು ಇನ್ನೂ ನಡೆಯುತ್ತಿದೆಯೇ? ಪ್ರತಿ ಸಲವೂ ಅಷ್ಟೇ ಹೊತ್ತಿಗೆ ನಿಲ್ಲುತ್ತಿದೆಯೇ? ಎರಡಕ್ಕೂ ಹೌದು ಎಂದಾದರೆ ಆಕಾಶ ನೋಡಬೇಡಿ, ಗಡಿಯಾರ ನೋಡಿ. ಇದು ನನ್ನದಲ್ಲ, ಚಿಕ್ಕಪ್ಪನದು. ಆ ದೀಪಾವಳಿಗೆ ಅವರ ಮನೆಗೆ ಹೋಗಿ ಸಮಸ್ಯೆ ಪೂರ್ತಿ ಬಗೆಹರಿದದ್ದು ಹೇಳಿದೆ. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. “ಕೊಳೆ ಎಷ್ಟು ಹೋಯ್ತು ಈ ಸಲ?” ಎಂದು ಕೇಳಿದರು. ಕೆಳಗಿನ ತೋಟದಲ್ಲಿ ಸ್ವಲ್ಪ ಹೋಯಿತು, ಮೇಲಿನದು ಉಳಿಯಿತು ಅಂದೆ.

“ಸಾಕಲ್ಲ ಮತ್ತೆ” ಅಂದರು.